ಬೆರಳಿಗೆ ಉಳಿದಷ್ಟು

ಮೂರು ದಿನ ರಜೆ ಹಾಕಿದ್ದು ತನ್ನದೇ ತಪ್ಪು ಎಂದು ಮೆಣಸು ಮೊದಲು ತನ್ನನ್ನೇ ಬೈದುಕೊಂಡಳು. ಅಣ್ಣನನ್ನು ಬೈಯಲು ಇನ್ನೂ ಇಡೀ ದಿನ ಇತ್ತು.

ಮೆಣಸು ಎಂಬುದು ಅವಳಿಗೆ ಆರು ವರ್ಷವಿದ್ದಾಗ ಅಣ್ಣನೇ ಇಟ್ಟ ಹೆಸರು. ಈಗ ನಲವತ್ನಾಲ್ಕು, ಖಾರ ಇಳಿದಿರಲಿಲ್ಲ. ಅಣ್ಣನದು ವಿಡಿಯೊ ಅಂಗಡಿ. ಅವನು ಕ್ಯಾಮೆರಾ ಹಿಡಿಯುತ್ತಾನೆ, ಗಿರಾಕಿಗಳ ಜೊತೆ ನಗುತ್ತಾನೆ. ಅವಳು ಒಳಕೋಣೆಯಲ್ಲಿ ಕೂತು, ಅವನು ಕೈಬೀಸಿ ತೆಗೆದದ್ದನ್ನೆಲ್ಲ ಹಿಂಡಿ, ಮಡಚಿ, ಡಿಸ್ಕಿನೊಳಗೆ ತುಂಬುತ್ತಾಳೆ. ನಗುವ ಕೆಲಸ ತನಗೆ ಸಿಗಲಿಲ್ಲವೆಂದು ಅವಳಿಗೆ ಬೇಸರವೇನೂ ಇರಲಿಲ್ಲ.

ಎದುರಿನ ಕುರ್ಚಿಯಲ್ಲಿ ಟೀಚರ್ ಕೂತಿದ್ದರು. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವರು. ಅವರಿಗೂ ಕಿವಿ ಕೇಳದು. ಕಥೆ ಹೇಳುವುದು ಕೈಯಿಂದ. ಆ ಕೈಗೆ ಈಗ ನಡುಕ ಹತ್ತಿತ್ತು. ಬೆರಳುಗಳು ಇನ್ನೂ ಮಾತು ಕೇಳುತ್ತಿದ್ದಾಗಲೇ, ಎರಡು ತಿಂಗಳ ಹಿಂದೆ, ಇದೇ ಅಂಗಡಿಯಲ್ಲಿ ಶಾಲೆಯ ನಲವತ್ತು ಮಕ್ಕಳಿಗೆ ಒಂದೊಂದು ಡಿಸ್ಕ್ ಹಂಚಲೆಂದು ಮೂರು ಗಂಟೆ ನಲವತ್ತು ನಿಮಿಷ ಕಥೆ ಹೇಳಿ ಚಿತ್ರೀಕರಣ ಮಾಡಿಸಿದ್ದರು. ಇನ್ನೊಮ್ಮೆ ಹೇಳೋಣವೆಂದರೆ ಇನ್ನೊಂದು ಜೊತೆ ಕೈ ಬೇಕು.

ಜೊತೆಗೆ ಬಂದಿದ್ದ ಮಗಳು, ಮೆಣಸಿನ ರಜೆಯಲ್ಲಿ ಅಣ್ಣನೇ ಮಾಡಿಕೊಟ್ಟಿದ್ದ ಮಾದರಿ ಡಿಸ್ಕನ್ನು ಮೇಜಿನ ಮೇಲಿಟ್ಟಳು. "ಅಮ್ಮ ಕೇಳ್ತಿದಾರೆ, ನನ್ನ ಬೆರಳೆಲ್ಲಿ ಅಂತ."

ಮೆಣಸು ಅದನ್ನು ಟಿವಿಗೆ ಹಾಕಿ ನೋಡಿದಳು. ಕೈ ಸುಮ್ಮನಿದ್ದಾಗ ಎಲ್ಲ ಸರಿ. ಕಥೆ ಓಡತೊಡಗಿದ ಕೂಡಲೇ ಬೆರಳುಗಳು ಒಂದಕ್ಕೊಂದು ಅಂಟಿ ಚೌಕ ಚೌಕವಾಗುತ್ತಿದ್ದವು. ಬೆರಳಲ್ಲೇ ಕಟ್ಟಿದ ನರಿಯ ಕಿವಿಯೂ ಇಟ್ಟಿಗೆ, ಬಾಲವೂ ಇಟ್ಟಿಗೆ.

"ಅವರ ಟಿವಿ ಹಳೇದಿರ್ಬೇಕು ಕಣೇ," ಎಂದ ಅಣ್ಣ ಬಾಗಿಲಿಂದಲೇ.

"ಇದು ನಮ್ಮ ಟಿವಿ."

"ನಮ್ದೇನು ಹೊಸದಾ?"

ಮೆಣಸು ಅವನ ಕಡೆ ತಿರುಗಲಿಲ್ಲ. ತಿರುಗಿದರೆ ಗಿರಾಕಿಗಳ ಎದುರು ಅಂಗಡಿಯ ಮಾನ ಹೋಗುತ್ತಿತ್ತು. "ಎರಡು ಡಿಸ್ಕ್ ಮಾಡಿದ್ರೆ ಆಗತ್ತಾ?" ಎಂದು ಮಗಳನ್ನು ಕೇಳಿದಳು. ಮಗಳು ಅದನ್ನು ಸನ್ನೆಯಲ್ಲಿ ದಾಟಿಸಿದ್ದೇ ಟೀಚರ ಕೈ ಅಡ್ಡಡ್ಡ ಆಡಿತು.

"ಬೇಡ್ವಂತೆ. ಎರಡನೇದು ಎರಡೇ ದಿನಕ್ಕೆ ಕಳೆದುಹೋಗತ್ತೆ, ಅವು ಮಕ್ಕಳಲ್ವಾ ಅಂತಿದಾರೆ."

"ಮಧ್ಯಾಹ್ನದ ಮೇಲೆ ಬನ್ನಿ. ಬೆರಳು ಕೊಡ್ತೀನಿ."

ಅವರು ಹೊರಟದ್ದೇ ಅಣ್ಣ ಒಳಬಂದ. "ಅದನ್ನ ಅಳಿಸ್ಬೇಕು ಅಂತಿದ್ನಲ್ಲೇ. ಮದುವೆ ಫೈಲು ಹಾಕೋಕೆ ಜಾಗ ಇಲ್ಲ." ಟೀಚರ ಕಥೆಗಳ ಮೂಲಪ್ರತಿ ಇದ್ದದ್ದು ಈ ಕಂಪ್ಯೂಟರಿನಲ್ಲಿ ಮಾತ್ರ.

"ಮೌಸ್ ಮುಟ್ಟು ನೋಡೋಣ."

"ಸಂಜೆ ಐದಕ್ಕೆ ಮದುವೆಯವರು ಬರ್ತಾರೆ."

"ಬರ್ಲಿ. ಅವರ ಮದುವೇನೂ ಇಟ್ಟಿಗೇಲೇ ಕಟ್ಟಿಕೊಡು."

ಒಂದು ಡಿಸ್ಕಿಗೆ ಇಂತಿಷ್ಟೇ ಹಿಡಿಯುತ್ತದೆ. ಅದನ್ನು ಮೂರು ಗಂಟೆ ನಲವತ್ತು ನಿಮಿಷಕ್ಕೆ ಹಂಚಿದರೆ ಸೆಕೆಂಡಿಗೆ ಸಿಗುವ ಪಡಿತರ ಎರಡು ಸಾವಿರದ ಎಂಟುನೂರು ಕಿಲೊಬಿಟ್. ಬಡತನವೇ, ಆದರೆ ಉಪವಾಸವಲ್ಲ. ಇಷ್ಟರಲ್ಲೇ ಮಾನವಾಗಿ ಸಂಸಾರ ತೂಗಿಸಿದ ಡಿಸ್ಕುಗಳನ್ನು ಅವಳು ಎಷ್ಟೋ ಮಾಡಿದ್ದಳು. ಅಣ್ಣ ಮಾಡಿದ್ದು ಮಾತ್ರ ಹೀಗೇಕೆ?

ನರಿ ಓಡುವ ಒಂದೇ ನಿಮಿಷವನ್ನು ಕತ್ತರಿಸಿಕೊಂಡಳು. ಅದಕ್ಕಿಂತ ವೇಗವಾಗಿ ಟೀಚರ ಕೈ ಎಲ್ಲೂ ಆಡುವುದಿಲ್ಲ. ಅದು ದಾಟಿದರೆ ಎಲ್ಲವೂ ದಾಟುತ್ತದೆ. ಅಣ್ಣ ಒಂದೇ ಸುತ್ತಿನಲ್ಲಿ ಮುಗಿಸಿದ್ದ. ಅವಳು ಎರಡು ಸುತ್ತು ಇಟ್ಟಳು: ಮೊದಲ ಸುತ್ತಿನಲ್ಲಿ ಯಂತ್ರ ಸುಮ್ಮನೆ ನೋಡಿ ಎಲ್ಲೆಲ್ಲಿ ಓಡಾಟವಿದೆ ಎಂದು ತಿಳಿದುಕೊಳ್ಳುತ್ತದೆ, ಎರಡನೆಯದರಲ್ಲಿ ಹಸಿದವನಿಗೆ ಹೆಚ್ಚು ಬಡಿಸುತ್ತದೆ. ನರಿಗೆ ಒಂದು ಕಿವಿ ಬಂತು.

ಚಿತ್ರದ ಅಗಲವನ್ನು ಅರ್ಧಕ್ಕಿಳಿಸಿದಳು. ಇಟ್ಟಿಗೆ ಕರಗಿ ಮಂಜಾಯಿತು. ಮಂಜು ಮದುವೆಗೆ ಚೆಂದ, ಕಿರುಬೆರಳಿಗೆ ಸಾಲದು.

ಆಗ ಕಣ್ಣು ಹಿನ್ನೆಲೆಯ ಪರದೆಯ ಮೇಲೆ ಬಿತ್ತು. ಅಣ್ಣ ಕಷ್ಟಪಟ್ಟು ಹುಡುಕಿ ತೂಗುಹಾಕಿದ್ದ ಹೂವಿನ ಪರದೆ, ಪಕ್ಕದಲ್ಲಿ ಫ್ಯಾನು. ಒಂದೊಂದು ಹೂವೂ ಅಲುಗುತ್ತಿತ್ತು. ಅಲುಗಿದ ಪ್ರತಿ ಹೂವೂ ಬೆರಳಿನ ಪಾಲಿನ ತುತ್ತನ್ನು ಕಿತ್ತು ತಿನ್ನುತ್ತಿತ್ತು. ಮೆಣಸು ಹಲ್ಲು ಕಡಿಯುತ್ತ, ಪರದೆಯ ಒಂದು ಸ್ಥಿರಚಿತ್ರವನ್ನು ಟೀಚರ ಹಿಂದೆ ಅಂಟಿಸಿ, ಗಾಳಿಯನ್ನೇ ನಿಲ್ಲಿಸಿದಳು. ಇನ್ನೊಂದು ಕಿವಿ ಬಂತು. ಬಾಲ ಬರಲಿಲ್ಲ.

ಇಷ್ಟಾದರೂ ಬಾರದು ಎಂದರೆ ಪಾತ್ರೆಗೆ ಎಲ್ಲೋ ತೂತಿದೆ. ಅಣ್ಣ ಇಟ್ಟಿದ್ದ ಸೆಟ್ಟಿಂಗುಗಳನ್ನು ಮೇಲಿನಿಂದ ಒಂದೊಂದಾಗಿ ಓದುತ್ತ ಬಂದಳು. ಶಬ್ದದ ಸಾಲಿಗೆ ಬಂದು ನಿಂತಳು. ಮತ್ತೆ ಓದಿದಳು. ಎರಡು ಸಾವಿರದ ಎಂಟುನೂರರಲ್ಲಿ ಸಾವಿರದ ಐನೂರು ಶಬ್ದಕ್ಕೆ! ಹೆಡ್‌ಫೋನ್ ಕಿವಿಗಿಟ್ಟಳು.

ಕೊಳಲು.

"ಅಣ್ಣಾ." ಕೂಗಲಿಲ್ಲ, ಮೆಲ್ಲಗೆ ಕರೆದಳು. ಆ ಮೆಲುದನಿಗೆ ಹೆದರಿ ಅಣ್ಣ ಚಪ್ಪಲಿ ಬಿಟ್ಟೇ ಓಡಿಬಂದ. "ಏನಿದು?"

"ಓ, ಕೇಳಿದ್ಯಾ?" ಅವನ ಮುಖ ಅರಳಿತು. "ಸುಮ್ನೆ ಖಾಲಿ ಖಾಲಿ ಇತ್ತು ಕಣೇ. ಅದಕ್ಕೇ ಹಾಕ್ದೆ. ಫುಲ್ ಕ್ವಾಲಿಟಿ, ಒಂದು ಚೂರೂ ಹಿಂಡಿಲ್ಲ. ಎಷ್ಟು ಇಂಪಾಗಿದೆ ನೋಡು!"

"ಯಾರಿಗೆ?"

"ಯಾರಿಗೆ ಅಂದ್ರೆ... ನೋಡೋರಿಗೆ."

ಮೆಣಸು ಕಾದಳು. ಅಣ್ಣನ ಮುಖದಲ್ಲಿ ವಿಷಯ ನಿಧಾನವಾಗಿ, ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂತು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ಗಾದೆ ಇದೆ," ಎಂದಳು. "ಇಲ್ಲಿ ಬಾರಿಸಿದವನೇ ಕೋಣ. ಆಯಮ್ಮನಿಗೆ ಇರೋದು ಎರಡು ಕೈ. ಅದರ ಅರ್ಧ ಅನ್ನ ನಿನ್ನ ಕೊಳಲಿಗೆ ಹಾಕಿದೀಯಲ್ಲೋ! ಅದೂ ಅವರ ಕೈ ನಡುಗೋ ಹೊತ್ತಿನಲ್ಲಿ!"

"ಒಳ್ಳೇದಾಗ್ಲಿ ಅಂತ ಹಾಕಿದ್ದು ಕಣೇ..."

"ಗೊತ್ತು. ನೀನು ಕೆಟ್ಟದಾಗ್ಲಿ ಅಂತ ಏನಾದ್ರೂ ಮಾಡಿದ್ರೆ ಸರಿಯಾಗೇ ಆಗಿರೋದು."

ಕೊಳಲನ್ನು ಕಿತ್ತು ಎಸೆದಳು. ಶಬ್ದವೇ ಇಲ್ಲದ ಡಿಸ್ಕನ್ನು ಕೆಲವು ಪ್ಲೇಯರುಗಳು ಮುಟ್ಟುವುದಿಲ್ಲವಾದ್ದರಿಂದ, ಅವುಗಳ ಸಮಾಧಾನಕ್ಕೆ ಕೂದಲೆಳೆಯಷ್ಟು ಮೌನ ಇಟ್ಟಳು. ಉಳಿದದ್ದೆಲ್ಲ ಚಿತ್ರಕ್ಕೆ. ಅಗಲವನ್ನೂ ಪೂರ್ತಿಗೆ ಮರಳಿಸಿದಳು. ನರಿ ಎರಡು ಕಿವಿ, ನಾಲ್ಕು ಕಾಲು, ಬಾಲದ ಸಮೇತ ಓಡಿತು. ಪೂರ್ತಿ ಕಥೆಗಳನ್ನು ಯಂತ್ರಕ್ಕೆ ಹಾಕಿ, ಅಣ್ಣ ಹತ್ತಿರ ಬಾರದಂತೆ ಕುರ್ಚಿಯನ್ನು ಅಡ್ಡ ಎಳೆದು ಕೂತಳು, ಊಟಕ್ಕೂ ಏಳಲಿಲ್ಲ.

ನಾಲ್ಕೂವರೆಗೆ ಟೀಚರ್ ಮತ್ತು ಮಗಳು ಟಿವಿ ಮುಂದೆ ಕೂತರು. ಟೀಚರ್ ಮುಖ ಮುಂದಕ್ಕೆ ಚಾಚಿ ತಮ್ಮ ಕೈಯನ್ನೇ ಓದುತ್ತಿದ್ದರು. ಮಡಿಲಲ್ಲಿದ್ದ ಕೈ ನಡುಗುತ್ತಿತ್ತು. ಟಿವಿಯೊಳಗಿನದು ನಡುಗುತ್ತಿರಲಿಲ್ಲ. ಮೆಣಸು ಕೊನೆಯ ಕಥೆಗೆ ಹಾರಿಸಿದಳು. ನಡುವೆ ಒಂದೆಡೆ ಟೀಚರ್ ತಟ್ಟನೆ ಬೆನ್ನು ನೆಟ್ಟಗೆ ಮಾಡಿದರು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಏನಾಯ್ತು?" ಮೆಣಸು ಎದ್ದು ಟಿವಿಯತ್ತ ಬಗ್ಗಿದಳು. "ಬೆರಳು ಹೋಯ್ತಾ?"

"ಇಲ್ಲ, ಬೆರಳು ಚೆನ್ನಾಗೇ ಇದೆ. ಆದ್ರೆ ಇದು ಕಥೇಲಿಲ್ಲ." ಮಗಳು ಅಣ್ಣನ ಕಡೆ ನೋಡಿ ಕಣ್ಣು ತಪ್ಪಿಸಿದಳು. "'ಮಕ್ಕಳೇ, ಒಂದು ನಿಮಿಷ ತಾಳಿ. ಕ್ಯಾಮೆರಾ ಹಿಂದಿರೋ ಕತ್ತೆ ನನಗೆ ಸ್ವಲ್ಪ ಜೋರಾಗಿ ಮಾತಾಡು ಅಂತಿದೆ' ಅಂತ ಹೇಳಿದಾರೆ."

ಮೆಣಸು ನಿಧಾನವಾಗಿ ತಿರುಗಿದಳು. "ಹಾಗಂದ್ಯಾ?"

"ಎಲ್ಲರಿಗೂ ಹೇಳೋದೇ ಅಲ್ವಾ," ಎಂದ ಅಣ್ಣ. "ಅಭ್ಯಾಸ."

"ಕತ್ತೆ ಸ್ಪಷ್ಟವಾಗಿ ಕಾಣ್ತಾ?" ಎಂದು ಮಗಳನ್ನು ಕೇಳಿದಳು.

"ಎರಡೂ ಕಿವಿ ಕಾಣ್ತು."

"ಅದೊಂದನ್ನ ಕತ್ತರಿಸ್ಬಿಡೇ," ಅಣ್ಣ ಗೋಗರೆದ. "ನಲವತ್ತು ಪ್ರತಿ ಹೋಗತ್ತೆ!"

ಅವನ ತುಟಿ ನೋಡಿಯೋ ಮುಖ ನೋಡಿಯೋ ಟೀಚರಿಗೆ ವಿಷಯ ತಿಳಿಯಿತು. ನಡುಗುವ ತೋರುಬೆರಳನ್ನೆತ್ತಿ ಅಡ್ಡಡ್ಡ ಆಡಿಸಿದರು. ಅದಕ್ಕೆ ಮಗಳ ಸಹಾಯ ಯಾರಿಗೂ ಬೇಕಾಗಲಿಲ್ಲ.

ಮೆಣಸಿನ ಸಿಟ್ಟು ಇಳಿದಿರಲಿಲ್ಲ. ಇಳಿಸಿಕೊಳ್ಳುವ ಅವಸರವೂ ಇರಲಿಲ್ಲ. ನಲವತ್ತು ಖಾಲಿ ಡಿಸ್ಕುಗಳ ಕಟ್ಟು ಬಿಚ್ಚಿ, ಮೊದಲನೆಯದನ್ನು ಅಣ್ಣನ ಕೈಗೇ ಕೊಟ್ಟಳು.

"ಹಾಕು."