ಕರಿ ಕೋಟಿನವರು ಬಂದ ಹೊತ್ತು

ಹಾಜರಿ ಪುಸ್ತಕ ಒಂದನ್ನು ಬಿಟ್ಟರೆ ಅವಳ ನಿಜವಾದ ಹೆಸರು ಆ ವಸ್ತುಸಂಗ್ರಹಾಲಯದಲ್ಲಿ ಎಲ್ಲಿಯೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ದಂಡನಾಯಕಿ. ಹಾಗೆಂದು ಮೊದಲು ಕರೆದವನು ಬಾಗಿಲು ಕಾಯುವ ಮೀಸೆ. ಅವನಿಗೂ ಹೆಸರೊಂದು ಇದ್ದೇ ಇತ್ತು, ಆದರೆ ಮೀಸೆಯ ಹಿಂದೆ ಅದು ಎಂದೋ ಮರೆಯಾಗಿತ್ತು.

ಅವಳ ಕೆಲಸ ಕಸ ಗುಡಿಸುವುದು, ಗಾಜು ಒರೆಸುವುದು. ಮೊದಲನೆಯ ಕೋಣೆಯಲ್ಲಿ ಹಡಗುಗಳ ಕಾಳಗದ ಚಿತ್ರಗಳು, ಎರಡನೆಯದರಲ್ಲಿ ಹಳೆಯ ಒಪ್ಪಂದಗಳ ನಕಲುಗಳು. ಮೂರನೆಯದರ ನಡುವೆ ಎರಡು ಮಂಚ ಜೋಡಿಸಿದಷ್ಟು ಅಗಲದ ಮೇಜು, ಅದರ ಮೇಲೆ ಇಡೀ ವಾಟರ್ಲೂ ಯುದ್ಧ. ಹಸಿರು ಬಟ್ಟೆ ಅಂಟಿಸಿದ ದಿಬ್ಬ, ಕಂದು ಬಣ್ಣ ಬಳಿದ ಕೆಸರು ದಾರಿ, ಒಂದು ತೋಟದ ಮನೆ, ಸ್ಪಂಜಿನ ಮರಗಳ ಕಾಡು, ಅವುಗಳ ನಡುವೆ ಹೆಬ್ಬೆರಳಿನ ಉಗುರಿನಷ್ಟು ಎತ್ತರದ ಎರಡು ಸಾವಿರಕ್ಕೂ ಮೇಲ್ಪಟ್ಟ ಸೀಸದ ಸಿಪಾಯಿಗಳು.

ಆ ಸಿಪಾಯಿಗಳ ಮೈ ತೊಳೆಯುವವಳು ಅವಳೇ. ವರ್ಷಕ್ಕೊಂದು ಸಲ ಒಂದೊಂದು ಸಾಲನ್ನೇ ಎತ್ತಿ, ಬಟ್ಟೆ ಹಾಸಿದ ತಟ್ಟೆಯ ಮೇಲೆ ಇದ್ದ ಕ್ರಮದಲ್ಲೇ ನಿಲ್ಲಿಸಿ, ಸಣ್ಣ ಕುಂಚದಿಂದ ಧೂಳು ತೆಗೆದು, ಪಾದದಡಿ ಸಾಸಿವೆ ಕಾಳಿನಷ್ಟು ಮೇಣ ಒತ್ತಿ, ಮತ್ತೆ ಅಲ್ಲಲ್ಲೇ ಕೂರಿಸಬೇಕು. ಯಾರ ಜಾಗ ಎಲ್ಲಿ ಎಂದು ತೋರಿಸುವ ನಕ್ಷೆ ಇರಲಿಲ್ಲ. ಇದ್ದಿದ್ದರೂ ಅವಳಿಗೆ ಓದಲು ಬರುತ್ತಿರಲಿಲ್ಲ. ಎರಡನೆಯ ತರಗತಿಗೇ ಶಾಲೆ ಮುಗಿದಿತ್ತು. ಅವಳ ನಕ್ಷೆಯೆಲ್ಲ ಕಣ್ಣಲ್ಲಿ: ಇವನು ಮೂಗು ಮುರಿದವನು, ಇವನ ಪಕ್ಕ ಬಾಲವಿಲ್ಲದ ಕುದುರೆ, ಅದರ ಪಕ್ಕ ಬಣ್ಣ ಹೋಗಿ ಕಣ್ಣು ಮುಚ್ಚಿದಂತೆ ಕಾಣುವವನು.

ಮೂವತ್ತೊಂದು ವರ್ಷ ಹೀಗೇ ನಡೆದಿತ್ತು. ಈ ತಿಂಗಳ ಕೊನೆಗೆ ಅವಳ ನಿವೃತ್ತಿ.

ಅದೇ ತಿಂಗಳು ಮೇಜಿನ ಕಾಲಿಗೆ ಹುಳ ಹಿಡಿದಿರುವುದು ಗೊತ್ತಾಯಿತು. ಬಟ್ಟೆಯೂ ಅಲ್ಲಲ್ಲಿ ಹರಿದಿತ್ತು. ಹೊಸದಾಗಿ ಬಂದಿದ್ದ ಅಧಿಕಾರಿ, ಮೂವತ್ತರ ಹುಡುಗಿ, ಇಡೀ ಮೇಜನ್ನೇ ಸರಿ ಮಾಡಿಸಲು ಬಡಗಿಯನ್ನು ಕರೆಸಿದಳು. ಮೊದಲು ಸೈನ್ಯದ ಫೋಟೋಗಳನ್ನು ಮೊಬೈಲಿನಲ್ಲಿ ಮೂಲೆ ಮೂಲೆ ಬಿಡದೆ ತೆಗೆದಳು. ಆಮೇಲೆ ದಂಡನಾಯಕಿ ಮೂರು ದಿನ ಕೂತು ಸಿಪಾಯಿಗಳನ್ನೆಲ್ಲ ತಟ್ಟೆಗಳಿಗೆ ಇಳಿಸಿದಳು.

ಮೂರನೆಯ ದಿನ ಮಧ್ಯಾಹ್ನ ಮೀಸೆ ಒಂದು ಕಾಗದ ಹಿಡಿದು ಬಂದ.

"ಏನಕ್ಕ, ಕೇಳಿದ್ಯಾ? ನಿನಗೆ ಬೋರ್ಡು ಬರ್ತಿದೆ! ಈ ಗೋಡೆಗೇ ಹಾಕ್ತಾರಂತೆ."

"ನನಗೆಂಥ ಬೋರ್ಡು? ಒರೆಸೋಕೆ ಇನ್ನೊಂದು ಜಾಸ್ತಿ ಆಯ್ತು ಅಷ್ಟೇ."

"ಸುಮ್ನಿದ್ದು ಕೇಳು." ಅವನು ಗಂಟಲು ಸರಿಮಾಡಿಕೊಂಡು, ನಾಟಕದ ರಾಜನಂತೆ ಎದೆ ಉಬ್ಬಿಸಿ ಓದಿದ: "ಈ ಸೈನ್ಯವನ್ನು ಮೂವತ್ತೊಂದು ವರ್ಷ ಕೂದಲೆಳೆಯಷ್ಟೂ ಕದಲಿಸದೆ ಕಾಪಾಡಿದವರು. ಕೆಳಗೆ ನಿನ್ನ ಹೆಸರು. ನಿಜವಾದ ಹೆಸರು ಕಣಕ್ಕ! ಓದೋವಾಗ ಯಾರಪ್ಪ ಇವಳು ಅಂತ ನನಗೇ ಅನುಮಾನ ಬಂತು."

ದಂಡನಾಯಕಿ ನಗಲಿಲ್ಲ. ಕೈಯಲ್ಲಿದ್ದ ಕುಂಚವನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾಕೆ, ಸಾಲದಾ? ಇನ್ನೊಂದು ಸಾಲು ಸೇರಿಸಿಸ್ಲಾ?"

"ಮೀಸೆ, ನಾಳೆ ಬಟ್ಟೆ ಎತ್ತಿದ್ರೆ ಕೆಳಗೆ ಏನಿರುತ್ತೆ?"

"ಹಲಗೆ ಇರುತ್ತೆ. ಇದನ್ನ ಮಾಡಿದ ಪುಣ್ಯಾತ್ಮ ಹಲಗೆ ಮೇಲೆ ಗುರುತು ಹಾಕ್ಕೊಂಡೇ ಬಟ್ಟೆ ಅಂಟಿಸಿರ್ತಾನೆ, ಯಾರ್ಯಾರು ಎಲ್ಲೆಲ್ಲಿ ಅಂತ. ಬಡಗಿ ಹಂಗಂದ. ಮೇಡಂಗಂತೂ ಖುಷಿಯೋ ಖುಷಿ. ಫೋಟೋ ಪಕ್ಕ ಇಟ್ಟು ತಾಳೆ ನೋಡ್ತಾರಂತೆ."



ಆ ಬೋರ್ಡಿನ ಮಾತು ಸುಳ್ಳೆಂದು ಅವಳೊಬ್ಬಳಿಗೆ ಗೊತ್ತಿತ್ತು.

ಆಗ ಅವಳು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಮೊದಲ ಸಲದ ದೊಡ್ಡ ಸ್ವಚ್ಛತೆ. ಬೆಳಿಗ್ಗೆ ಬಾಗಿಲು ತೆರೆಯಲು ಇನ್ನು ಕಾಲು ಗಂಟೆ ಇತ್ತು. ಕಾಡಿನ ಬದಿಯ ಕರಿ ಕೋಟಿನವರನ್ನು ತಟ್ಟೆಯಲ್ಲಿ ನಿಲ್ಲಿಸಿಕೊಂಡು ತಿರುಗಿದಳು. ಒಂದು ಸೀನು ಬಂತು. ಬರೀ ಒಂದು ಸೀನು. ತಟ್ಟೆ ಕೈ ಜಾರಿ ನಲವತ್ತೆರಡು ಮಂದಿಯೂ ನೆಲಕ್ಕೆ. ಕೆಲವರು ಕಪಾಟಿನ ಅಡಿಗೆ ಉರುಳಿ ಹೋದರು. ಹೊಟ್ಟೆಯ ಮೇಲೆ ಮಲಗಿ, ಪೊರಕೆ ಕಡ್ಡಿಯಿಂದ ಎಳೆದೆಳೆದು ಎಲ್ಲರನ್ನೂ ಹೊರತಂದಳು. ಪುಣ್ಯಕ್ಕೆ ಯಾರ ಕೈಕಾಲೂ ಮುರಿದಿರಲಿಲ್ಲ. ಆದರೆ ಅವರು ನಿಂತಿದ್ದು ಎಲ್ಲಿ? ಮರಗಳ ಒಳಗೋ, ಹೊರಗೋ? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ.

ಗೈಡು ಹೇಳುತ್ತಿದ್ದ ಕಥೆ ಮಾತ್ರ ಬಾಯಿಪಾಠವಾಗಿತ್ತು. ದಿಬ್ಬದ ಮೇಲಿನ ಕೆಂಪು ಕೋಟಿನವರು ಇಂಗ್ಲಿಷರ ಕಡೆ. ಎದುರಿಗಿರುವ ನೀಲಿ ಕೋಟಿನವರು ನೆಪೋಲಿಯನ್ನನ ಕಡೆ. ಬೆಳಿಗ್ಗೆಯಿಂದ ಕಾದಾಡಿ ಕೆಂಪಿನವರು ಸೋತು ಸುಣ್ಣವಾಗಿದ್ದಾರೆ. ಕಾಡಿನ ಬದಿಯ ಈ ಕರಿ ಕೋಟಿನವರು ಪ್ರಷ್ಯ ದೇಶದವರು, ಕೆಂಪಿನವರ ಮಿತ್ರರು. ಎರಡು ದಿನದ ಹಿಂದಷ್ಟೇ ಇನ್ನೊಂದು ಕಡೆ ಪೆಟ್ಟು ತಿಂದವರು. ಅವರ ಸೇನಾಧಿಪತಿಗೆ ಎಪ್ಪತ್ತು ದಾಟಿದ ವಯಸ್ಸು, ಕುದುರೆಯ ಅಡಿಗೆ ಸಿಕ್ಕಿ ಮೈಯೆಲ್ಲ ಜಜ್ಜಿಹೋಗಿತ್ತು. ಆದರೂ ಬರುತ್ತೇನೆ ಎಂದು ಮಾತು ಕೊಟ್ಟಿದ್ದ. ಮಳೆಗೆ ನೆನೆದ ಕೆಸರಿನಲ್ಲಿ ಫಿರಂಗಿ ಎಳೆಸಿಕೊಂಡು, ಸಂಜೆ ನಾಲ್ಕೂವರೆಯ ಹೊತ್ತಿಗೆ ಕಾಡಿನಿಂದ ಹೊರಬಿದ್ದ. ಯುದ್ಧದ ಮಗ್ಗುಲು ಬದಲಾಗಿದ್ದು ಅಲ್ಲಿ.

ಮೊದಲ ಸಲ ಕೇಳಿದಾಗಲೇ ಆ ಮುದುಕ ಅವಳಿಗೆ ಹತ್ತಿರದವನಾಗಿದ್ದ. ಅದಕ್ಕೇ, ಗಂಟೆ ಬಾರಿಸಲು ಎರಡು ನಿಮಿಷ ಇರುವಾಗ, ಕರಿ ಕೋಟಿನವರನ್ನೆಲ್ಲ ಮರಗಳ ಹೊರಗೆ ಮೂರು ಸಾಲಾಗಿ ನಿಲ್ಲಿಸಿದಳು. ಕುದುರೆ ಮೇಲಿನ ಮುದುಕನನ್ನು ಎಲ್ಲರಿಗಿಂತ ಮುಂದೆ ಇಟ್ಟಳು. ಬರುವವರು ಬಂದೇಬಿಡಲಿ ಎಂದುಕೊಂಡಳು.

ಗೈಡಿಗೆ ವ್ಯತ್ಯಾಸವೇನೂ ಕಾಣಲಿಲ್ಲ. ಆ ಮಹಾರಾಯ ಮೊದಲಿನಿಂದಲೂ ಕಿಟಕಿಯ ಕಡೆ ನೋಡಿಕೊಂಡೇ ಯುದ್ಧ ಹೇಳುವವನು. ಆದರೆ ಅಂದಿನಿಂದ ಶಾಲೆಯ ಮಕ್ಕಳು ಮೇಜಿನ ಸುತ್ತ ಮುಗಿಬಿದ್ದು, "ನೋಡೋ, ಬಂದ್ರು ಬಂದ್ರು" ಎಂದಾಗಲೆಲ್ಲ ಅವಳಿಗೆ ಮುಳ್ಳು ಚುಚ್ಚುತ್ತಿತ್ತು. ನಿಜವಾಗಿ ಅವರಿನ್ನೂ ಕಾಡಿನೊಳಗೇ ಇದ್ದರೋ ಏನೋ. ತಾನೇ ಹೊರಗೆ ತಂದು ನಿಲ್ಲಿಸಿದೆನೋ ಏನೋ. ಹೇಳೋಣವೆಂದರೆ ಹೊಸ ಕೆಲಸ ಹೋದೀತೆಂಬ ಹೆದರಿಕೆ. ಆಮೇಲೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂಬ ಹೆದರಿಕೆ. ಹೀಗೆ ಒಂದು ಹೆದರಿಕೆ ಇನ್ನೊಂದಕ್ಕೆ ಜಾಗ ಬಿಟ್ಟುಕೊಡುತ್ತಾ ಮೂವತ್ತು ವರ್ಷ ದಾಟಿತ್ತು.

ಸುಮ್ಮನಿದ್ದರೂ ನಾಳೆ ಹಲಗೆಯೇ ಹೇಳಿಬಿಡುತ್ತದೆ. ಹಲಗೆ ಹೇಳುವ ಮೊದಲು ತಾನು ಹೇಳಬೇಕು. ಕೈ ಒರೆಸಿಕೊಂಡು ಅಧಿಕಾರಿಯ ಕೋಣೆಗೆ ನಡೆದಳು. ಮೀಸೆ ಏನೋ ವಿಶೇಷವಿದೆಯೆಂದು ಬೆನ್ನು ಹತ್ತಿದ.

"ಮೇಡಂ, ಆ ಬೋರ್ಡು ಬರೆಸಬೇಡಿ."

"ಯಾಕಮ್ಮ? ಹೆಸರು ತಪ್ಪಾಯ್ತಾ?"

"ಹೆಸರು ಸರಿ ಇದೆ. ಮಾತು ತಪ್ಪು." ಅವಳು ನಿಂತೇ, ಸೀನಿನಿಂದ ಹಿಡಿದು ಕಡೆಯವರೆಗೆ ಹೇಳಿದಳು. ಪೊರಕೆ ಕಡ್ಡಿಯನ್ನೂ ಬಿಡಲಿಲ್ಲ.

ಅಧಿಕಾರಿ ಪೆನ್ನು ಮುಚ್ಚಿಟ್ಟಳು. "ಇದು ಬೇರೆ ಯಾರಿಗಾದ್ರೂ ಗೊತ್ತಾ?"

"ಈಗ ಮೀಸೆಗೆ ಗೊತ್ತಾಯ್ತು. ಅಂದ್ರೆ ಸಂಜೆಯೊಳಗೆ ಎಲ್ಲರಿಗೂ."

"ಅಕ್ಕಾ!" ಎಂದ ಮೀಸೆ.

ಅಧಿಕಾರಿ ನಗು ತಡೆದುಕೊಂಡಳು. "ಅಮ್ಮ, ನಾನು ಸುಳ್ಳು ಬರೆಸೋ ಹಾಗಿಲ್ಲ. ನಾಳೆ ಗುರುತು ಬೇರೆ ಕಡೆ ಇದ್ರೆ ಆ ಸಾಲು ತೆಗೀಲೇಬೇಕು. ವರದಿಯಲ್ಲೂ ಬರೀಬೇಕು, ಇಷ್ಟು ವರ್ಷ ಜನಕ್ಕೆ ತಪ್ಪು ತೋರಿಸಿದ್ವಿ ಅಂತ."

"ಬರೀರಿ. ಅದಕ್ಕೇ ಬಂದಿದ್ದು."

ಮರುದಿನ ಬೆಳಿಗ್ಗೆ ಬಡಗಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸಿ, ಅಂಟು ಮೆತ್ತಗೆ ಮಾಡುತ್ತಾ ಹಸಿರು ಬಟ್ಟೆಯನ್ನು ಅಂಗುಲ ಅಂಗುಲವಾಗಿ ಎಬ್ಬಿಸತೊಡಗಿದ. ಶುರು ಮಾಡಿದ್ದು ಕಾಡಿನಿಂದ ದೂರದ ತುದಿಯಲ್ಲಿ.

"ಆ ಕಾಡಿನ ಕಡೆಯಿಂದ ಬಾರಪ್ಪ," ಎಂದಳು ದಂಡನಾಯಕಿ. "ಹೋಗೋ ಮಾನ ಬೇಗ ಹೋಗ್ಲಿ."

"ಅಲ್ಲಿ ಅಂಟು ಗಟ್ಟಿ ಇದೆ ಅಮ್ಮ. ಮರ ಬೇರೆ ಒಂದೊಂದಾಗಿ ಕೀಳಬೇಕು. ಅವಸರ ಮಾಡಿದ್ರೆ ಗುರುತೂ ಬಟ್ಟೆ ಜೊತೆ ಕಿತ್ಕೊಂಡು ಬರುತ್ತೆ."

ಗುರುತುಗಳು ನಿಜಕ್ಕೂ ಇದ್ದವು. ಹಲಗೆಯ ಮೇಲೆ ಕೆಂಪು ಪೆನ್ಸಿಲಿನ ಗೆರೆ ಎಳೆದು, ಒಬ್ಬೊಬ್ಬ ಸಿಪಾಯಿಗೆ ಒಂದೊಂದರಂತೆ ದಬ್ಬಳದ ಮೊನೆಯಿಂದ ಚುಕ್ಕಿ ಚುಚ್ಚಿದ್ದರು. ಕುದುರೆಯವರಿಗೆ ಸಣ್ಣ ತ್ರಿಕೋನ. ಅಧಿಕಾರಿ ಫೋಟೋ ಹಿಡಿದು ಎಣಿಸುತ್ತಾ ಬಂದಳು. ದಿಬ್ಬದ ಕೆಂಪಿನವರು ಸರಿ. ತೋಟದ ಮನೆಯವರು ಸರಿ. ನೀಲಿಯವರ ಫಿರಂಗಿ ಸರಿ. ಪ್ರತಿ "ಸರಿ"ಗೂ ದಂಡನಾಯಕಿಯ ಎದೆ ಇನ್ನಷ್ಟು ಭಾರವಾಗುತ್ತಿತ್ತು. ಇಷ್ಟೆಲ್ಲ ಸರಿಯಿದ್ದಮೇಲೆ ಅದೊಂದು ತಪ್ಪು ಎದ್ದು ಕಾಣುತ್ತದಲ್ಲ.

ಊಟದ ಹೊತ್ತಾದರೂ ಯಾರೂ ಕದಲಲಿಲ್ಲ. ಮೀಸೆ ಬಾಗಿಲನ್ನು ಅದರ ಪಾಡಿಗೆ ಬಿಟ್ಟು ಬಂದು ನಿಂತಿದ್ದ. ಬಡಗಿ ಕಡೆಯ ಮರವನ್ನು ಕಿತ್ತು, ಕಾಡಿನ ಬಟ್ಟೆ ಎತ್ತಿದ.

ಮರಗಳ ಅಡಿಯಲ್ಲಿ ಬರೀ ಹಲಗೆ. ಒಂದು ಚುಕ್ಕಿಯೂ ಇಲ್ಲ.

ಕಾಡು ಮುಗಿದು ಬಯಲು ಶುರುವಾಗುವಲ್ಲಿ ಚುಕ್ಕಿಗಳ ಮೂರು ಸಾಲು.

ಅಧಿಕಾರಿ ಒಂದು ಸಲ ಎಣಿಸಿದಳು. ನಂಬಿಕೆಯಾಗದೆ ಮತ್ತೊಂದು ಸಲ ಎಣಿಸಿದಳು. "ನಲವತ್ತೊಂದು ಚುಕ್ಕಿ. ನಲವತ್ತೊಂದೂ ನೀವು ಇಟ್ಟ ಕಡೆಯೇ ಇವೆ ಅಮ್ಮ."

"ನನ್ನ ಸಮಾಧಾನಕ್ಕೆ ಹೇಳಬೇಡಿ ಮೇಡಂ."

"ಬನ್ನಿ ಇಲ್ಲಿ." ಹುಡುಗಿ ಅವಳ ಕೈ ಹಿಡಿದು, ತೋರುಬೆರಳನ್ನು ಹಲಗೆಯ ಮೇಲೆ ಮೆಲ್ಲಗೆ ಎಳೆದಳು. ಸಣ್ಣ ಸಣ್ಣ ಗುಳಿಗಳು ಒಂದರ ಹಿಂದೊಂದು ಬೆರಳ ತುದಿಗೆ ಸಿಕ್ಕವು. ಅಕ್ಷರ ಬಾರದ ಆ ಬೆರಳಿಗೆ ಇದು ಬಂತು. ಮೂಗು ಮುರಿದವನು ಇಲ್ಲಿ, ಕತ್ತಿ ಬಾಗಿದವನು ಇಲ್ಲಿ. ದೊಡ್ಡ ಸ್ವಚ್ಛತೆಗೆ ಮೊದಲೇ ಎಂಟು ತಿಂಗಳು ದಿನಾ ಇವರ ಮೇಲೆ ಕುಂಚ ಆಡಿಸಿದ್ದ ಕೈ ಅದು. ಅಂದು ಬೆಳಿಗ್ಗೆ ತಲೆ ಮರೆತಿದ್ದರೂ ಕೈ ಮರೆತಿರಲಿಲ್ಲ.

 ಕೆಲಸದವರು ಕೂರಬಾರದೆಂಬ ನಿಯಮವಿದ್ದ, ನೋಡುಗರ ಬೆಂಚಿನ ಮೇಲೆ ದಂಡನಾಯಕಿ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕೂತುಬಿಟ್ಟಳು. 

"ಅಲ್ಲ, ನಲವತ್ತೆರಡು ಜನ ಅಂದಿದ್ಯಲ್ಲಕ್ಕ," ಎಂದ ಮೀಸೆ. "ಇನ್ನೊಬ್ಬ ಎಲ್ಲಿ? ಕಪಾಟಿನಡಿ ಬಿಟ್ಟು ಬಂದ್ಯಾ?"

ಅಧಿಕಾರಿ ಬಗ್ಗಿ ನೋಡಿದಳು. "ಇಲ್ಲಿದ್ದಾರೆ, ತ್ರಿಕೋನ. ಮುದುಕರು. ಫೋಟೋದಲ್ಲಿ ಎಲ್ಲರಿಗಿಂತ ಮುಂದೆ ಇದ್ದಾರೆ. ಇಲ್ಲಿ ಗುರುತು ಮಧ್ಯದ ಸಾಲಲ್ಲಿದೆ, ಎರಡು ಬೆರಳು ಹಿಂದೆ."

"ಅದು ನನ್ನ ತಪ್ಪೇ," ಎಂದಳು ದಂಡನಾಯಕಿ. ಹೇಳುವಾಗ ಅವಳಿಗೇ ನಗು ಬಂತು. "ಅವಸರದಲ್ಲಿ ಅವರನ್ನ ಮುಂದೆ ತಳ್ಳಿಬಿಟ್ಟೆ. ವರದಿಯಲ್ಲಿ ಬರೀರಿ."

"ಬರೀತೀನಿ. ಬೋರ್ಡೂ ತಿದ್ದಬೇಕು."

"ಎರಡು ಬೆರಳು ಬಿಟ್ಟು, ಅಂತ ಸೇರಿಸಿ ಮೇಡಂ," ಎಂದ ಮೀಸೆ. ತಮಾಷೆಗೆ ಹೇಳಿದ್ದು. ಆದರೆ ತಿಂಗಳ ಕೊನೆಗೆ ಗೋಡೆಯ ಮೇಲೆ ಬಂದ ಬೋರ್ಡಿನಲ್ಲಿ ಹಾಗೆಯೇ ಇತ್ತು: "ಒಬ್ಬ ಸೇನಾಧಿಪತಿಯನ್ನು ಎರಡು ಬೆರಳು ಬಿಟ್ಟು, ಉಳಿದ ಇಡೀ ಸೈನ್ಯವನ್ನು ಕೂದಲೆಳೆಯಷ್ಟೂ ಕದಲಿಸದೆ ಕಾಪಾಡಿದವರು." ನೋಡುಗರಿಗೆ ಅದರ ತಲೆಬುಡ ಗೊತ್ತಾಗುತ್ತಿರಲಿಲ್ಲ. ಹೊಸ ಗೈಡಿಗೆ ಹೇಳಲು ಇನ್ನೊಂದು ಕಥೆ ಸಿಕ್ಕಿತು.

ಹೊಸ ಬಟ್ಟೆ ಅಂಟಿಸಿ, ಸೈನ್ಯವನ್ನೆಲ್ಲ ಮತ್ತೆ ನಿಲ್ಲಿಸಿ ಮುಗಿಸಿದ್ದು ಅವಳ ಕಡೆಯ ದಿನ. ಮುದುಕನೊಬ್ಬ ಉಳಿದಿದ್ದ. ಅವನ ಕುದುರೆಯ ಕಾಲಡಿಗೆ ಮೇಣ ಒತ್ತಿ, ಅಂಗೈಯಲ್ಲಿಟ್ಟುಕೊಂಡು ಮೇಜಿನತ್ತ ಹೆಜ್ಜೆ ಹಾಕಿದಳು. ಹೊಸ ಬಟ್ಟೆಯ ನೂಲಿನ ಧೂಳು ಮೂಗಿಗೆ ಹೊಕ್ಕಿತೋ ಏನೋ, ಬಂತು ನೋಡಿ ಒಂದು ಸೀನು. ಕೋಣೆಯೇ ಅದುರುವಂಥ ಸೀನು.

ಮೀಸೆ ನೆಲ ನೋಡಿದ. ಬಡಗಿ ಕಪಾಟಿನ ಅಡಿ ನೋಡಿದ. ಅಧಿಕಾರಿಯ ಕೈ ಬಾಯಿಯ ಮೇಲೆ ಹೋಯಿತು.

ದಂಡನಾಯಕಿ ಮೆಲ್ಲಗೆ ಮುಷ್ಟಿ ಬಿಚ್ಚಿದಳು. ಮುದುಕ ಕುದುರೆಯ ಮೇಲೆ ಭದ್ರವಾಗಿ ಕೂತಿದ್ದ.

"ಬಂದಿದ್ದಾರೆ," ಎಂದಳು. ಮುಂದಿನ ಸಾಲು ದಾಟಿಸಿ, ಎರಡು ಬೆರಳು ಅಳೆದು, ಮಧ್ಯದ ಸಾಲಿನಲ್ಲಿ ಅವನನ್ನು ಒತ್ತಿ ಕೂರಿಸಿದಳು.