ತಡವಾದ ಪೆಟ್ಟು

ಮಂಗಳವಾರದ ಹೊತ್ತಿಗೆ ಆ ವಾರದ ಮೂರನೆಯ ರಬ್ಬರು ಹರಿದಿತ್ತು. ಹರಿದದ್ದನ್ನು ಡೋಲಿನಿಂದ ಸುಲಿದು, ಹಳೆಯ ಅಂಟು ಕೆರೆದು, ಹೊಸದನ್ನು ಅಂಟಿಸುವುದು ನನ್ನ ಕೆಲಸ.

ನಮ್ಮದು ಆಟದ ಯಂತ್ರ ಮಾಡುವ ಮೂರು ಕೋಣೆಯ ಆಫೀಸು. ಹಾಡು ನಡೆಯುವಾಗ ಪರದೆಯಲ್ಲಿ ಬಣ್ಣದ ಚುಕ್ಕೆಗಳು ಇಳಿಯುತ್ತವೆ. ಚುಕ್ಕೆ ಗೆರೆ ಮುಟ್ಟಿದ ಕ್ಷಣಕ್ಕೆ ಡೋಲು ಬಾರಿಸಬೇಕು. ಪ್ರತಿ ಪೆಟ್ಟಿಗೂ ಪರದೆಯ ಮೇಲೆ ಒಂದು ತೀರ್ಪು ಮೂಡುತ್ತದೆ: ಅಮೋಘ, ಉತ್ತಮ, ಸಾಧಾರಣ, ತಪ್ಪು. ಈ ಪದಗಳನ್ನು ಆರಿಸಿಕೊಟ್ಟವರು ನಿವೃತ್ತ ಮೇಷ್ಟ್ರು ಒಬ್ಬರು. ಶುಕ್ರವಾರ ನಾಲ್ಕು ಗಂಟೆಗೆ ಪದಗಳಿಗೆ ಬೀಗ, ಮತ್ತೆ ಬದಲಿಸುವಂತಿಲ್ಲ. ಆಮೇಲೆ ನೂರು ಯಂತ್ರಗಳಲ್ಲೂ ಅವೇ.

"ಕಳಪೆ ರಬ್ಬರು. ದಪ್ಪದ್ದು ತರಿಸೋಣ," ಎಂದರು ಆಫೀಸು ನಡೆಸುವ ಮೇಡಂ.

ರಬ್ಬರಿನದೇನೂ ತಪ್ಪಿರಲಿಲ್ಲ. ಮೂಲೆಯಲ್ಲಿ ಕೂತು ಆಡುವವರ ಕೈಗಳನ್ನೇ ನೋಡುತ್ತಿದ್ದವಳು ನಾನು. ಅಲ್ಲಿ ನೆಲ ಒರೆಸುವ ನನ್ನ ದೊಡ್ಡಮ್ಮ ಊಟದ ಬಿಡುವಿನಲ್ಲಿ ದಿನವೂ ಒಂದು ಹಾಡು ಆಡುತ್ತಿದ್ದಳು. ಅವಳ ಪೆಟ್ಟು ಬೀಳುತ್ತಿದ್ದುದು ಕೂದಲೆಳೆಯಷ್ಟು ತಡವಾಗಿ. ಪರದೆ 'ಸಾಧಾರಣ' ಅನ್ನುತ್ತಿತ್ತು. ಅವಳು ಹಲ್ಲು ಕಚ್ಚಿ ಇನ್ನೂ ಜೋರಾಗಿ ಹೊಡೆಯುತ್ತಿದ್ದಳು. ಜೋರಾಗಿ ಹೊಡೆಯಬೇಕಾದರೆ ಕೈ ಮೇಲೆತ್ತಬೇಕು. ಎತ್ತಿದ ಕೈ ಇಳಿಯುವಷ್ಟರಲ್ಲಿ ಇನ್ನಷ್ಟು ತಡ. ಆಗ 'ತಪ್ಪು'.

"ಇನ್ನೆಷ್ಟು ಹೊಡೀಬೇಕೇ ಇದಕ್ಕೆ? ಕೆಪ್ಪು ಮುಂಡೇದು!"

"ಜೋರಲ್ಲ ದೊಡ್ಡಮ್ಮ, ತಡ," ಎಂದೆ. ಹಾಡಿನ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ.

ನಾನು ಎಂಟನೆಯ ತರಗತಿಗೇ ಶಾಲೆ ಬಿಟ್ಟವಳು. ನನ್ನ ಲೆಕ್ಕದ ಪುಸ್ತಕದ ತುಂಬ ಕೆಂಪು ಗೀಟುಗಳಿದ್ದವು. ಎಲ್ಲಿ ದಾರಿ ತಪ್ಪಿದೆ ಎಂದು ಒಂದು ಗೀಟೂ ಹೇಳಿರಲಿಲ್ಲ. ಪರದೆಯ ಮೇಲೆ 'ಬೇಗ' ಅಥವಾ 'ತಡ' ಎಂದು ಬಂದರೆ ಸಾಕಿತ್ತು. ಇಷ್ಟನ್ನು ಯಾರಿಗಾದರೂ ಹೇಳಬೇಕಿತ್ತು.

ಬುಧವಾರದ ಸಭೆಯಲ್ಲಿ ಮೇಷ್ಟ್ರು ಉಸಿರೆಳೆದುಕೊಳ್ಳುವುದನ್ನೇ ಕಾದು ಬಾಯಿ ತೆರೆದೆ. ಅಷ್ಟರಲ್ಲಿ 'ಅಮೋಘ'ಕ್ಕೆ ಬಂಗಾರದ ಬಣ್ಣವೋ ಹಸಿರೋ ಎಂಬ ಚರ್ಚೆ ಶುರುವಾಗಿ ಒಂದು ಗಂಟೆ ನಡೆಯಿತು. ಗುರುವಾರ ಇಂಜಿನಿಯರ್ ಹತ್ತಿರ ಹೋದೆ. "ಪದಗಳ ವಿಷ್ಯ ಮೇಷ್ಟ್ರಿಗೆ ಹೇಳಮ್ಮ," ಎಂದರು. ಮೇಷ್ಟ್ರು, "ಯಂತ್ರದ ವಿಷ್ಯ ಮೇಡಂಗೆ ಹೇಳಮ್ಮ," ಎಂದರು. ಮೇಡಂ ಫೋನಿನಲ್ಲಿದ್ದರು. ಚೀಟಿ ಬರೆದು ಅವರ ಮೇಜಿನ ಮೇಲಿಟ್ಟೆ. ಸಂಜೆ ನೋಡಿದರೆ ಅದರ ಮೇಲೆ ಕಾಫಿ ಲೋಟ ಕೂತಿತ್ತು. ಸಿಟ್ಟಿಗೆ ನನ್ನ ಕಿವಿ ಬಿಸಿಯಾಯಿತು. ಆದರೂ ಲೋಟ ಎತ್ತಿ ತೊಳೆದಿಟ್ಟು ಮನೆಗೆ ಹೋದೆ.

ಶುಕ್ರವಾರ ಮೂರೂಮುಕ್ಕಾಲಿಗೆ ಕೊನೆಯ ಪರೀಕ್ಷೆ. ಆಟ ಬರದವರೊಬ್ಬರು ಆಡಲಿ ಎಂದು ದೊಡ್ಡಮ್ಮನನ್ನು ಕರೆದರು. ಅವಳು ಸೆರಗು ಸಿಕ್ಕಿಸಿಕೊಂಡು ನಿಂತಳು. ಸಾಧಾರಣ. ಸಾಧಾರಣ. ತಪ್ಪು. ತಪ್ಪು. ಹನ್ನೊಂದನೆಯ ಪೆಟ್ಟಿಗೆ, ನಾನು ಬೆಳಿಗ್ಗೆಯಷ್ಟೇ ಅಂಟಿಸಿದ ರಬ್ಬರಿನ ಅಂಚು ಕಿತ್ತು ಬಂತು.

"ಕೈಯಲ್ಲಿ ತಾಳಾನೇ ಇಲ್ದಿದ್ರೆ ಯಂತ್ರ ಪಾಪ ಏನ್ಮಾಡುತ್ತೆ?" ಎಂದು ಮೇಷ್ಟ್ರು ನಕ್ಕರು. ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು, ಆದರೆ ಅವಳ ಮುಖ ಸಣ್ಣಗಾಗಿತ್ತು.

"ಇನ್ನೊಂದ್ಸಲ ಹಾಕಿ," ಎಂದೆ. ಇಂಜಿನಿಯರ್ ತಿರುಗಿ ನೋಡಿದರು. ಹೇಳಿದ್ದು ನಾನೇ ಎಂದು ಗೊತ್ತಾಗಲು ಅವರಿಗೆ ಒಂದು ಗಳಿಗೆ ಬೇಕಾಯಿತು.

ಹಾಡು ಶುರುವಾಯಿತು. ನಾನು ದೊಡ್ಡಮ್ಮನ ಬೆನ್ನ ಹಿಂದೆ ನಿಂತು ಕೂಗಿದೆ. "ತಡ! ತಡ! ಕೈ ಕೆಳಗಿರ್ಲಿ. ತಡ! ಈಗ ಬೇಗ ಆಯ್ತು!" ನನ್ನ ದನಿ ಒಡೆದು ಕಾಗೆಯಂತೆ ಕೇಳುತ್ತಿತ್ತು. ದೊಡ್ಡಮ್ಮನ ಕೈ ತಗ್ಗಿತು, ಪೆಟ್ಟು ಹಗುರವಾಯಿತು. ಉತ್ತಮ. ಉತ್ತಮ. ಆಮೇಲೆ ಒಂದರ ಹಿಂದೊಂದು ಮೂರು ಅಮೋಘ.

"ಅಯ್ಯೋ, ಮೊದ್ಲೇ ಬೊಗಳೋಕೇನಾಗಿತ್ತೇ ನಿಂಗೆ!" ದೊಡ್ಡಮ್ಮ ನನ್ನ ಬೆನ್ನಿಗೊಂದು ಗುದ್ದಿದಳು.

"ಇದನ್ನ ಪರದೆ ಮೇಲೇ ಹಾಕ್ಬಹುದಲ್ವಾ?" ಎಂದರು ಮೇಡಂ.

"ಖಂಡಿತ," ಎಂದು ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಶೀಘ್ರ, ವಿಳಂಬ. ಸ್ವಲ್ಪ ಗಾಂಭೀರ್ಯ ಇರ್ಲಿ."

ಅವರು ಉಸಿರೆಳೆದುಕೊಂಡರು.

"ಬೇಡ," ಎಂದೆ. "ವಿಳಂಬ ಅಂತ ಓದೋಷ್ಟ್ರಲ್ಲಿ ಮುಂದಿನ ಚುಕ್ಕೆ ದಾಟಿ ಹೋಗಿರುತ್ತೆ. ಬೇಗ, ತಡ. ಅಷ್ಟೇ ಸಾಕು."

ಮೇಡಂ ಗಡಿಯಾರ ನೋಡಿ ತಲೆಯಾಡಿಸಿದರು. ಇಂಜಿನಿಯರ್ ಎರಡೂ ಪದಗಳನ್ನು ಯಂತ್ರಕ್ಕೆ ಸೇರಿಸಿದರು. ನಾಲ್ಕಕ್ಕೆ ಇನ್ನು ಎರಡು ನಿಮಿಷವಿತ್ತು.

"ಅಲ್ಲಮ್ಮ, ಇಷ್ಟು ದಿನ ಯಾಕೆ ಬಾಯೇ ಬಿಡ್ಲಿಲ್ಲ ನೀನು?" ಮೇಡಂ ಕೇಳಿದರು.

"ಬಿಟ್ಟಿದ್ದೆ ಮೇಡಂ. ನಿಮ್ಮ ಮೇಜಿನ ಮೇಲೆ ಚೀಟಿ..."

ಅವರ ಫೋನು ಹೊಡೆದುಕೊಂಡಿತು. ಕೈ ತೋರಿಸಿ ನನ್ನನ್ನು ತಡೆದು ಆ ಕಡೆ ತಿರುಗಿದರು. "ಹಾಂ, ನಾನೇ ಹೇಳಿದ್ದು. ಡೋಲಿನ ರಬ್ಬರೇ. ದಪ್ಪದ್ದೇ ಇರ್ಲಿ, ಐವತ್ತು ಕಳಿಸಿ."

ನಾನು ಚಾಕು ತೆಗೆದುಕೊಂಡು ಡೋಲಿನ ಮುಂದೆ ಕೂತು ಅಂಟು ಕೆರೆಯತೊಡಗಿದೆ.