ಸೆಪ್ಟೆಂಬರಿಗೆ ಒಂಬತ್ತು

ಒದ್ದೆ ಬಟ್ಟೆಯಿಂದ ಒರೆಸಿದ ಸ್ಲೇಟಿಗೆ ಒಂದು ವಾಸನೆಯಿದೆ. ಹಳೆಯ ಬಟ್ಟೆ, ಬಳಪದ ಪುಡಿ, ಸ್ವಲ್ಪ ಉಗುಳು ಎಲ್ಲ ಸೇರಿದ ವಾಸನೆ. ನನಗೆ ಅದು ಹೆದರಿಕೆಯ ವಾಸನೆ. ಎರಡನೇ ತರಗತಿಯಲ್ಲಿ ಕಳೆಯುವ ಲೆಕ್ಕ ಬಂದಾಗಲೆಲ್ಲ ನಾನು ಬರೆದು, ಒರೆಸಿ, ಮತ್ತೆ ಬರೆದು ಸ್ಲೇಟು ಒಣಗಲು ಬಿಡುತ್ತಿರಲಿಲ್ಲ. ಮೇಷ್ಟ್ರು ಬಂದು ಬೆನ್ನ ಹಿಂದೆ ನಿಲ್ಲುತ್ತಿದ್ದರು.

"ಪಕ್ಕದ ಮನೆಯಿಂದ ಒಂದು ತಂದ್ಕೊಂಡೆ, ಸರಿ. ಅವರ ಮನೇಲಿ ಒಂದು ಕಮ್ಮಿ ಆಯ್ತಲ್ಲ, ಅದನ್ನ ಯಾರು ನೋಡ್ತಾರೆ? ನಿಮ್ಮಜ್ಜಿನಾ?"

ತರಗತಿಯೆಲ್ಲ ನಗುತ್ತಿತ್ತು. ಮನೆಗೆ ಬಂದರೆ ಸೋದರತ್ತೆ, "ಬಿಡಿ, ಇದರ ತಲೇಲಿ ಹತ್ತಿ ತುಂಬಿದೆ. ಓದಿಗಲ್ಲದಿದ್ರೆ ದಿಂಬಿಗಾದ್ರೂ ಆಗುತ್ತೆ" ಎನ್ನುತ್ತಿದ್ದಳು. ನಾನು ಮುಂದೆ ಕಾಲೇಜಿನಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡದ್ದಕ್ಕೆ ದೊಡ್ಡ ಆದರ್ಶವೇನೂ ಕಾರಣವಲ್ಲ. ದಡ್ಡತನ ಎಂದರೇನು, ಅದು ನನ್ನಲ್ಲಿ ಇದೆಯೋ ಇಲ್ಲವೋ ಎಂದು ಖಚಿತವಾಗಿ ತಿಳಿಯಬೇಕಿತ್ತು, ಅಷ್ಟೆ.

ಪದವಿ ಮುಗಿದ ಮೇಲೆ ಮಕ್ಕಳ ಬುದ್ಧಿಶಕ್ತಿ ಅಳೆಯುವ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳು ತಾತ್ಕಾಲಿಕ. ಆಮೇಲೆ ಮೇಲಿನವರ ಮನಸ್ಸು. ಮೂರೇ ಕೋಣೆಗಳು, ಪಕ್ಕದಲ್ಲಿ ಉದ್ದಕ್ಕೂ ಒಂದು ಕಾರಿಡಾರು. ಮುಂದಿನದರಲ್ಲಿ ತಂದೆತಾಯಿಯರು ಕೂರುವ ಬೆಂಚು, ನಡುವಿನದು ಪರೀಕ್ಷೆಯ ಕೋಣೆ, ಹಿಂದಿನದರಲ್ಲಿ ಕಡತಗಳ ಕಪಾಟು ಮತ್ತು ನಾನು. ಪರೀಕ್ಷೆ ಮಾಡುವವರು ನಮ್ಮ ಮುಖ್ಯಸ್ಥೆ. ಅವರ ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚು ತೂಗುತ್ತಿತ್ತು. ಅದಕ್ಕೇ ನಾನೂ ಬಾಗಿಲು ಕಾಯುವ ಆಯಾಳೂ ಅವರನ್ನು ಮರೆಯಲ್ಲಿ ಗಡಿಯಾರದಮ್ಮ ಎನ್ನುತ್ತಿದ್ದೆವು. ಜೋರಾಗಿ ಬೈದವರಲ್ಲ. ಸುಮ್ಮನೆ ನೋಡುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ನನ್ನ ಕೆಲಸ ಅಂಕ ಹಾಕುವುದು. ಮಗು ಎಷ್ಟು ವಯಸ್ಸಿನವರ ಮಟ್ಟಕ್ಕೆ ಉತ್ತರ ಕೊಟ್ಟಿದೆ ಎಂಬುದನ್ನು ತಿಂಗಳುಗಳಲ್ಲಿ ಬರೆದು, ಅದನ್ನು ಮಗುವಿನ ನಿಜವಾದ ವಯಸ್ಸಿನಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಬಂದ ಸಂಖ್ಯೆ ಎಪ್ಪತ್ತಕ್ಕಿಂತ ಕೆಳಗಿದ್ದರೆ ಮಗುವನ್ನು ದೂರದ ವಸತಿಶಾಲೆಗೆ ಕಳಿಸುವ ಕಾಗದ ತಯಾರಾಗುತ್ತಿತ್ತು. ಅಲ್ಲಿ ವರ್ಷಕ್ಕೆ ಎರಡು ಸಲ ಮಾತ್ರ ಮನೆಯವರು ನೋಡಬಹುದು. ಹೋದ ಮಗು ಮರಳಿ ಬಂದದ್ದನ್ನು ಆಯಾ ತನ್ನ ಹದಿನಾಲ್ಕು ವರ್ಷದ ಚಾಕರಿಯಲ್ಲಿ ಕಂಡಿರಲಿಲ್ಲ.

ಏಪ್ರಿಲ್ ಹತ್ತರಂದು ಒಬ್ಬ ಹುಡುಗಿಯ ಪರೀಕ್ಷೆ ನಡೆಯಿತು. ತಾಯಿ ದರ್ಜಿ ಅಂಗಡಿಯಲ್ಲಿ ಅಂಗಿ ಗುಂಡಿಗಳಿಗೆ ಕಾಜಾ ಹಾಕುವವಳು. ಎಡಗೈ ಹೆಬ್ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿತ್ತು. ತಂದೆ ಇರಲಿಲ್ಲ. ಶಾಲೆಯವರು ಹುಡುಗಿ ಮಂದ ಎಂದು ಚೀಟಿ ಬರೆದು ಕಳಿಸಿದ್ದರು. ನಡುವಿನ ಗೋಡೆ ಬರಿಯ ಹಲಗೆಯಾದ್ದರಿಂದ ನನಗೆ ಎಲ್ಲ ಕೇಳುತ್ತಿತ್ತು.

"ಒಂದು ಮನೆಗೆ ಕಾಗದ ಕೊಡೋಕೆ ಹೋಗಿದ್ದೀಯ. ಬಾಗಿಲಿಗೆ ಬೀಗ ಇದೆ. ಏನು ಮಾಡ್ತೀಯ?"

ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

"ಮೆಟ್ಟಿಲ ಮೇಲೆ ಕೂತ್ಕೋತೀನಿ."

"ಆಮೇಲೆ?"

"ಬಿಸಿಲು ಬಂದ್ರೆ ಕಾಗದದ ಮೇಲೆ ಕೈ ಇಟ್ಕೋತೀನಿ."

ಬಾಗಿಲ ಸಂದಿಯಲ್ಲಿ ಹಾಕುತ್ತೇನೆ ಅಥವಾ ಪಕ್ಕದವರಿಗೆ ಕೊಡುತ್ತೇನೆ ಎಂದರೆ ಅಂಕ. ಕಾಗದಕ್ಕೆ ಬಿಸಿಲು ತಾಗದಂತೆ ಕಾಯುವುದಕ್ಕೆ ಅಂಕವಿರಲಿಲ್ಲ. ನಾನು ಸೊನ್ನೆ ಹಾಕಿದೆ. ಕೊನೆಯಲ್ಲಿ ಬಂದದ್ದು ಅರವತ್ತೊಂಬತ್ತು. ಗಡಿಯಾರದಮ್ಮ ಸಹಿ ಹಾಕಿದರು, ಕಾಗದ ಹೋಯಿತು.

ಮೂರು ವಾರದ ನಂತರ ಒಂದು ಗುರುವಾರ, ಹತ್ತು ಗಂಟೆಗೆ ವ್ಯಾನು ಬರುವುದಿತ್ತು. ಒಂಬತ್ತೂವರೆಗೇ ತಾಯಿ ಮಗಳು ಬೆಂಚಿನ ಮೇಲೆ ಕೂತಿದ್ದರು. ಕಾಲ ಬಳಿ ತಗಡಿನ ಪೆಟ್ಟಿಗೆ, ಹುಡುಗಿಯ ತೊಡೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಬುತ್ತಿ. ನಾನು ಅವರನ್ನು ದಾಟಿ ಹೋಗುವಾಗ ತಾಯಿ ಎದ್ದು ನಿಂತಳು.

"ಮೇಡಂ, ಒಂದು ಮಾತು. ಸೆಪ್ಟೆಂಬರ್ ಐದಕ್ಕೆ ಇವಳಿಗೆ ಒಂಬತ್ತು ತುಂಬುತ್ತೆ. ಪೆಟ್ಟಿಗೆ ತಳದಲ್ಲಿ ಹೊಸ ಫ್ರಾಕ್ ಇಟ್ಟಿದ್ದೀನಿ. ಅವತ್ತು ಅಲ್ಲಿ ಯಾರಾದ್ರೂ ನೆನಪು ಮಾಡಿ ಹಾಕಿಸ್ತಾರಾ? ಇವಳು ತಾನಾಗಿ ಬಾಯಿ ಬಿಡೋಳಲ್ಲ."

"ಅದು ದೊಡ್ಡದಿದೆ" ಎಂದಳು ಹುಡುಗಿ.

"ನೀನು ಬೆಳೆಯೋದಿಲ್ವೇನೇ? ಹಿಂಗೇ ಇರ್ತೀಯಾ ಬೆರಳುದ್ದ?"

"ಬರೆದು ಕಳಿಸ್ತೀನಮ್ಮ" ಎಂದು ನಾನು ಒಳಗೆ ಬಂದೆ. ಕುರ್ಚಿ ಎಳೆದುಕೊಳ್ಳುತ್ತಿದ್ದಂತೆ ಆ ಮಾತು ನನ್ನನ್ನು ಹಿಂದಿನಿಂದ ಹಿಡಿಯಿತು. ಸೆಪ್ಟೆಂಬರಿಗೆ ಒಂಬತ್ತು ತುಂಬುತ್ತದೆ. ಹಾಗಾದರೆ ಈಗ ಎಂಟು. ನಾನು ಬರೆದಿದ್ದ ವಯಸ್ಸು ಏನು?

ಕಡತ ತೆಗೆದೆ. ಒಂಬತ್ತು ವರ್ಷ ಏಳು ತಿಂಗಳು, ನನ್ನದೇ ದುಂಡು ಅಕ್ಷರ. ನಾಲ್ಕನೇ ತಿಂಗಳಿನಲ್ಲಿ ಒಂಬತ್ತನೇ ತಿಂಗಳು ಕಳೆಯುವುದಕ್ಕಾಗದೆ ವರ್ಷದ ಮನೆಯಿಂದ ಒಂದು ತಂದು ಹನ್ನೆರಡು ತಿಂಗಳು ಸೇರಿಸಿದ್ದೆ. ಹದಿನಾರರಲ್ಲಿ ಒಂಬತ್ತು ಹೋದರೆ ಏಳು. ಅದು ಸರಿ. ವರ್ಷದ ಮನೆಯಲ್ಲಿ ಒಂದು ಕಮ್ಮಿ ಆಯಿತಲ್ಲ, ಅದನ್ನು ನೋಡಿರಲಿಲ್ಲ. ಎಂಟು ವರ್ಷದ ಮಗುವನ್ನು ಒಂಬತ್ತರ ಮಕ್ಕಳ ಪಕ್ಕ ನಿಲ್ಲಿಸಿ, ಕುಳ್ಳಿ ಎಂದು ಬರೆದಿದ್ದೆ.

ಹಾಳೆಯ ಅಂಚಿನಲ್ಲಿ ಮತ್ತೆ ಲೆಕ್ಕ ಮಾಡಿದೆ. ಎಪ್ಪತ್ತೇಳು. ಇನ್ನೊಮ್ಮೆ ಮಾಡಿದೆ. ಎಪ್ಪತ್ತೇಳೇ. ಕೋಣೆಯಲ್ಲಿ ಸ್ಲೇಟು ಇರಲಿಲ್ಲ, ಒದ್ದೆ ಬಟ್ಟೆಯೂ ಇರಲಿಲ್ಲ. ಆದರೂ ಆ ವಾಸನೆ ಮೂಗಿಗೆ ಬಡಿಯಿತು.

ಈಗ ಮುದುಕಿಯಾಗಿದ್ದೇನೆ, ಮುಚ್ಚಿಟ್ಟು ಆಗಬೇಕಾದ್ದೇನಿಲ್ಲ. ಆಗ ನನಗೆ ಮೊದಲು ಬಂದ ಯೋಚನೆ ಆ ಹುಡುಗಿಯದ್ದಲ್ಲ. ಕಡತ ಮುಚ್ಚಿ ಒಳಗಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು. ನಿಜಕ್ಕೂ ಮುಚ್ಚಿದೆ. ಕಪಾಟಿನವರೆಗೂ ಹೋದೆ. ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಗುವುದಿತ್ತು. ಕೆಲಸ ಹೋದರೆ ಹೋಗಲಿ. ತಲೆಯಲ್ಲಿ ಹತ್ತಿ ಇರುವುದು ಎಲ್ಲರಿಗೂ ಗೊತ್ತಾಗುತ್ತದಲ್ಲ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಕಾರಿಡಾರಿನ ಆ ತುದಿಯಿಂದ ಹುಡುಗಿ ಕೇಳಿದ್ದು ಕಿವಿಗೆ ಬಿತ್ತು: "ಅಮ್ಮಾ, ನೀನು ವ್ಯಾನಲ್ಲಿ ಎಲ್ಲಿವರೆಗೂ ಬರ್ತೀಯ?"

ತಾಯಿ ಪೆಟ್ಟಿಗೆಯ ಚಿಲಕ ತೆಗೆದು ಮತ್ತೆ ಹಾಕಿದ ಸದ್ದು ಬಂತು.

ಕಡತ ಎದೆಗವಚಿಕೊಂಡು ಹೊರಗೆ ಬಂದೆ. ಪರೀಕ್ಷೆಯ ಕೋಣೆ ಮುಚ್ಚಿತ್ತು. ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಆಯಾ ಕೂತಿದ್ದಳು.

"ಒಳಗೆ ಹೋಗಬೇಕು" ಎಂದೆ.

"ತಲೆ ನೆಟ್ಟಗಿದೆಯಾ ತಾಯಿ? ಒಳಗೆ ಮಗು ಇದೆ, ಗಡಿಯಾರ ಓಡ್ತಿದೆ. ನಿಮಗಿಂತ ಮುಂಚೆ ಇದ್ದವಳು ಹಿಂಗೇ ಬಾಗಿಲು ತೆಗೆದು ಮನೆಗೆ ಹೋದಳು. ಅದೂ ಕಾಫಿ ಬೇಕಾ ಅಂತ ಕೇಳೋಕೆ! ಹತ್ತೂಕಾಲಿಗೆ ಮುಗಿಯುತ್ತೆ, ಕೂತ್ಕೊಳಿ."

ಅಷ್ಟರಲ್ಲಿ ಹೊರಗೆ ವ್ಯಾನು ನಿಂತ ಸದ್ದಾಯಿತು. ಓಡಿದೆ. ಚಾಲಕ ಆಗಲೇ ಹಿಂದಿನ ಬಾಗಿಲು ತೆರೆದಿದ್ದ.

"ಒಂದು ಕಾಲು ಗಂಟೆ ನಿಲ್ಲಿಸ್ತೀರಾ?"

"ನಿಲ್ಲಿಸೋಕೆ ಆರ್ಡರ್ ಇಲ್ಲ ಮೇಡಂ. ಇನ್ನೂ ಎರಡು ಕಡೆ ಹತ್ತಿಸ್ಕೋಬೇಕು."

ನಾನು ಆ ಬಾಗಿಲಿಗೆ ಅಡ್ಡ ನಿಂತೆ. ಅವನು ನನ್ನ ಮುಖ ನೋಡಿದ, ಎದೆಗವಚಿದ್ದ ಕಡತ ನೋಡಿದ. ಆಮೇಲೆ ಮುಂದಿನ ಚಕ್ರವನ್ನು ಕಾಲಿನಿಂದ ಒದ್ದ.

"ಯಾಕೋ ಈ ಟೈರಲ್ಲಿ ಗಾಳಿ ಕಮ್ಮಿ ಅನ್ಸುತ್ತೆ. ನೋಡ್ಲೇಬೇಕು. ಹತ್ತು ನಿಮಿಷವಂತೂ ಹಿಡಿಯುತ್ತೆ" ಎಂದು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಟೈರು ಕುಂಬಳಕಾಯಿಯ ಹಾಗೆ ಗುಂಡಗಿತ್ತು.

ನಾನು ತಿರುಗಿ ಬಂದಾಗ ಆಯಾ ಸ್ಟೂಲಿನಿಂದ ಎದ್ದಿದ್ದಳು. ಏನು ಅರ್ಥವಾಯಿತೋ, "ನನಗೆ ಹೂಜಿಗೆ ನೀರು ತುಂಬೋದಿದೆ. ಬಾಗಿಲು ಯಾರು ತೆಗೆದ್ರು ಅಂತ ನಾನು ನೋಡಿಲ್ಲ" ಎಂದು ಹೊರಟುಹೋದಳು.

ಬಾಗಿಲು ತಳ್ಳಿದೆ. ಗಡಿಯಾರದಮ್ಮ ತಲೆಯೆತ್ತಿದರು. ಎದುರಿಗೆ ಪುಟ್ಟ ಮಗುವೊಂದು ಮರದ ತುಂಡುಗಳಿಂದ ಗೋಪುರ ಕಟ್ಟುತ್ತಿತ್ತು. ಬೆಚ್ಚಿ ಕೈ ತಾಗಿ ಅದು ಉರುಳಿತು. ಅವರ ಹೆಬ್ಬೆರಳು ಗಡಿಯಾರವನ್ನು ಒತ್ತಿತು. ಟಿಕ್ ಟಿಕ್ ನಿಂತಿತು.

"ಯಾರು ಸತ್ರು?"

"ಯಾರೂ ಇಲ್ಲ ಮೇಡಂ. ನಾನು ಒಂದು ವರ್ಷ ಕಳೆಯೋದು ಮರೆತೆ. ವ್ಯಾನು ಬಂದಿದೆ."

ಅವರು ಮೊದಲು ಆ ಮಗುವಿನ ಕಡೆ ತಿರುಗಿದರು. "ನಿನ್ನ ತಪ್ಪಲ್ಲ ಮರಿ. ಚೆನ್ನಾಗೇ ಕಟ್ಟಿದ್ದೆ. ಇನ್ನೊಂದು ದಿನ ಮತ್ತೆ ಆಡೋಣ, ಆಯ್ತಾ?" ಎಂದು ಅದರ ತಲೆ ಸವರಿ ಹೊರಗೆ ಕಳಿಸಿದರು. ಆಮೇಲೆ ನನ್ನ ಕೈಯಿಂದ ಕಡತ ತೆಗೆದುಕೊಂಡು ಪೆನ್ಸಿಲಿನ ತುದಿಯಿಂದ ಒಂದೊಂದೇ ಅಂಕಿಯನ್ನು ಮುಟ್ಟುತ್ತ ಹೋದರು.

"ಸಹಿ ನನ್ನದು" ಎಂದರು ಕೊನೆಗೆ. "ನಾನೂ ನೋಡದೆ ಹಾಕಿದ್ದೀನಿ."

ಅವರೇ ಹೊರಗೆ ಹೋಗಿ ಚಾಲಕನಿಗೆ ಹೇಳಿದರು. ವ್ಯಾನು ಹೊರಟುಹೋಯಿತು. ಬಾಗಿಲಲ್ಲಿ ನಿಂತು, "ತಾಯಿಗೆ ಯಾರು ಹೇಳ್ತಾರೆ?" ಎಂದು ಕೇಳಿದರು.

"ನಾನು" ಎಂದೆ. ಆ ದನಿ ನನ್ನದೆಂದು ನನಗೇ ನಂಬಿಕೆಯಾಗಲಿಲ್ಲ.

ಕಾಜಾ ಹಾಕುವ ತಾಯಿ ಎಲ್ಲವನ್ನೂ ನಿಂತೇ ಕೇಳಿದಳು. ಲೆಕ್ಕ ತಪ್ಪಿದ್ದು ನಾನು, ಮಗುವನ್ನು ಎಲ್ಲಿಗೂ ಕಳಿಸಬೇಕಿಲ್ಲ, ಶಾಲೆಗೆ ಬೇರೆ ಕಾಗದ ಬರೆಯುತ್ತೇವೆ ಎಂದೆ. ಅವಳು ಅಳುತ್ತಾಳೆ, ಇಲ್ಲವೇ ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ.

"ಮೂರು ವಾರ" ಎಂದಳು. "ಮೂರು ವಾರದಿಂದ ಇವಳು ಮಲಗಿದ ಮೇಲೆ ಮುಖ ನೋಡ್ತಾ ಕೂತಿದ್ದೀನಿ, ಮರೆತುಹೋಗುತ್ತೇನೋ ಅಂತ. ನೀವು ಕಳೆಯೋದು ಮರೆತ್ರಂತೆ. ಓದಿದವರು!"

ಪೆಟ್ಟಿಗೆ ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಹುಡುಗಿಯೂ ಬುತ್ತಿ ಹಿಡಿದು ಹಿಂದೆಯೇ ಹೋದಳು; ಶಾಲೆಯ ಕಾಗದ ಕೈಗೆ ಬಾರದೆ ತಾಯಿ ಏಳುವಂತೆ ಕಾಣಲಿಲ್ಲ.

ನಾನು ಹಿಂದಿನ ಕೋಣೆಗೆ ಬಂದಾಗ ಗಡಿಯಾರದಮ್ಮ ನನ್ನ ಮೇಜಿನ ಎದುರು ಕೂತಿದ್ದರು.

"ನೀನು ಸೇರಿದ ಮೇಲೆ ಎಷ್ಟು ಮಕ್ಕಳು?"

"ನೂರ ಹದಿನೆಂಟು."

"ಅದರಲ್ಲಿ ವ್ಯಾನು ಹತ್ತಿದವರು?"

ಈ ಪ್ರಶ್ನೆ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. "ಹನ್ನೊಂದು" ಎಂದೆ.

ಅವರು ಕೊರಳಿನಿಂದ ಗಡಿಯಾರ ತೆಗೆದು ಮೇಜಿನ ಮೇಲೆ ಮಗುಚಿ ಇಟ್ಟರು. "ಮೊದಲು ಆ ಹನ್ನೊಂದು ತೆಗಿ. ನೀನು ಕಳೆ, ನಾನು ನೋಡ್ತೀನಿ. ನಾನು ಕಳೆದದ್ದನ್ನ ನೀನು ನೋಡು. ನಾಳೆಯಿಂದಲೂ ಹೀಗೇ." ನಾಳೆಯಿಂದ ಎಂದರು. ಅದಕ್ಕೆ ಸಮಾಧಾನಪಡಲೂ ನನಗೆ ಪುರುಸೊತ್ತಿರಲಿಲ್ಲ.

ಆ ಹನ್ನೊಂದು ಕಡತಗಳನ್ನು ತೆರೆದಷ್ಟು ಹೆದರಿ ನಾನು ಜೀವನದಲ್ಲಿ ಬೇರೇನನ್ನೂ ತೆರೆದಿಲ್ಲ. ಪ್ರತಿಯೊಂದರ ಮೇಲೂ ಒಂದು ಮಗುವಿನ ಚಿಕ್ಕ ಪಟ. ಒಬ್ಬನ ಅಂಗಿಯ ಗುಂಡಿ ತಪ್ಪಿ ಹಾಕಿದ್ದು ಕಾಣುತ್ತಿತ್ತು. ಹುಟ್ಟಿದ ದಿನ, ಪರೀಕ್ಷೆಯ ದಿನ, ಪಕ್ಕದ ಮನೆ, ಅಲ್ಲಿ ಒಂದು ಕಮ್ಮಿ. ಸರಿ. ಮುಂದಿನದು. ಸರಿ. ಒಂದೂವರೆಯ ಹೊತ್ತಿಗೆ ಹನ್ನೊಂದೂ ಸರಿ ಎಂದಾಯಿತು. ಆದರೆ ಭಯ ಇಳಿಯಲಿಲ್ಲ. ಅವು ಸರಿ ಬಂದದ್ದು ನನ್ನ ಜಾಣತನದಿಂದಲ್ಲ, ಅದೃಷ್ಟದಿಂದ. ಇನ್ನು ನೂರಕ್ಕೂ ಮೇಲೆ ಉಳಿದಿದ್ದವು. ಗಡಿಯಾರದಮ್ಮ ಮುಖ ತೊಳೆಯಲು ಹೊರಗೆ ಹೋದರು. ನಾನು ಮುಂದಿನದನ್ನು ಎಳೆದುಕೊಂಡೆ. ಅಂಕಿಗಳು ಕಣ್ಣ ಮುಂದೆ ಈಜತೊಡಗಿದವು. ಬೆಳಗ್ಗೆಯಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ.

ಯಾರೋ ಪಕ್ಕದಲ್ಲಿ ನಿಂತ ಹಾಗಾಯಿತು. ಆ ಹುಡುಗಿ. ಕಾರಿಡಾರಿನ ತುದಿಗೆ ನೋಡಿದೆ: ತಾಯಿ ಇನ್ನೂ ಮೆಟ್ಟಿಲ ಮೇಲೆಯೇ ಇದ್ದಳು, ಬೆನ್ನು ಈ ಕಡೆಗೆ. ತಿರುಗಿ ನೋಡಲಿಲ್ಲ.

ಹುಡುಗಿ ಮಸಿಕುಡಿಕೆಯನ್ನು ಹುಷಾರಾಗಿ ಪಕ್ಕಕ್ಕೆ ಸರಿಸಿದಳು, ಕಡತಗಳಿಗೆ ತಾಗದಷ್ಟು ಜಾಗ ಮಾಡಿದಳು. ದಾರಿಗೆಂದು ಕಟ್ಟಿದ್ದ ಬುತ್ತಿಯನ್ನು ಅಲ್ಲಿಟ್ಟಳು. ನಾನು ಗಂಟಿಗೆ ಕೈ ಹಾಕಿದೆ, ಬಿಚ್ಚಲಾಗಲಿಲ್ಲ. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ತಾನೇ ಗಂಟು ಬಿಚ್ಚಿ, ಡಬ್ಬಿಯ ಮುಚ್ಚಳ ತೆಗೆದು, ನನ್ನ ಕಡೆಗೆ ಸರಿಸಿದಳು.